ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮಕ್ಕಳ ಆಟದಿಂದ ಹುಟ್ಟಿ ದೊಡ್ಡವರ ಬಾಯಲ್ಲಿ ಉಳಿದುಕೊಂಡ ಒಂದು ಮಾತು ನಮ್ಮ ಕನ್ನಡದಲ್ಲಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಓಣಿಯಲ್ಲಿ ದೊಡ್ಡ ಹುಡುಗರು ಆಡುವಾಗ ಚಿಕ್ಕವನೊಬ್ಬ ಅಳುತ್ತ ಬಂದು ನಿಂತರೆ ಅವನನ್ನೂ ಸೇರಿಸಿಕೊಳ್ಳುತ್ತಾರೆ. ಅವನು ಓಡಬಹುದು, ಕೂಗಬಹುದು, ಔಟೂ ಆಗಬಹುದು. ಆದರೆ ಅವನ ಔಟು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆಳೆದ ಮೇಲೆ ಈ ಮಾತನ್ನು ನಾವು ಮನುಷ್ಯರ ಬಗ್ಗೆ ಆಡುತ್ತೇವೆ, ಕೆಲವೊಮ್ಮೆ ಇಡೀ ಮೊಹಲ್ಲಾಗಳ ಬಗ್ಗೆ ಆಡುತ್ತೇವೆ. ಯಾವ ಸಮಿತಿಯಲ್ಲಿ, ಯಾವ ಪಕ್ಷದಲ್ಲಿ ಯಾರು ಹಾಗೆ ಇದ್ದಾರೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಬಗ್ಗೆ ಓದುತ್ತ ಹೋದಂತೆ ನಮಗೆ ಮತ್ತೆ ಮತ್ತೆ ಈ ಮಾತೇ ನೆನಪಾಯಿತು. ಅಲ್ಲಿನ ಎನ್‌ಬಿಎ ಪಂದ್ಯಗಳಲ್ಲಿ ಆಟಗಾರನ ಪ್ರತಿ ಹೆಜ್ಜೆಯನ್ನೂ ಯಂತ್ರಗಳು ಅಳೆಯುತ್ತವೆ, ಆ ಅಳತೆಗಳಿಂದ ಅವನ ಆಟವನ್ನು ತಿದ್ದುತ್ತಾರೆ. ಕತೆ ಬರೆಯುವ ನಮಗೂ ಈ ಲೆಕ್ಕಶಾಸ್ತ್ರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಲೆಕ್ಕಕ್ಕೆ ಬಾರದವರನ್ನು ಲೆಕ್ಕಕ್ಕೆ ತರುವುದು ಕತೆಗಾರರ ಕಸುಬೂ ಹೌದು. ಆ ಕಸುಬನ್ನು ಒಂದು ಯಂತ್ರ ಮಾಡುತ್ತದೆ ಎಂದರೆ ಕುತೂಹಲವಾಗದೆ ಇರುತ್ತದೆಯೇ?

ಮೊದಲು ಹಳೆಯ ಲೆಕ್ಕವನ್ನು ನೋಡೋಣ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಬಹುಕಾಲ ಎಣಿಸುತ್ತಿದ್ದುದು ಕೆಲವೇ ಸಂಗತಿಗಳನ್ನು. ಎಷ್ಟು ಅಂಕ ಗಳಿಸಿದ, ಗುರಿ ತಪ್ಪಿ ಪುಟಿದ ಚೆಂಡನ್ನು ಎಷ್ಟು ಸಲ ಹಿಡಿದ, ಇನ್ನೊಬ್ಬನ ಅಂಕಕ್ಕೆ ಎಷ್ಟು ಸಲ ಚೆಂಡು ಒದಗಿಸಿದ, ಹೀಗೆ. ಅಂಕಣದ ಪಕ್ಕದಲ್ಲಿ ಕೂತವನು ಇವನ್ನು ಗುರುತು ಹಾಕಿಕೊಳ್ಳುತ್ತಿದ್ದ, ಮರುದಿನ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಚೆಂಡು ಯಾರ ಕೈಯಲ್ಲಿದೆಯೋ ಅವನ ಲೆಕ್ಕ ಮಾತ್ರ ಪಟ್ಟಿಯಲ್ಲಿತ್ತು. ಆದರೆ ಒಂದು ತಂಡದಲ್ಲಿ ಐದು ಜನ ಆಡುತ್ತಾರೆ, ಚೆಂಡು ಒಂದೇ. ಉಳಿದ ನಾಲ್ವರು ಏನು ಮಾಡುತ್ತಿದ್ದರು?

ಶೇನ್ ಬ್ಯಾಟಿಯೆ ಎಂಬ ಆಟಗಾರರ ಬಗ್ಗೆ ಲೇಖಕ ಮೈಕೆಲ್ ಲೂಯಿಸ್ 2009ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜಿನ್‌ನಲ್ಲಿ ಬರೆದ ದೀರ್ಘ ಲೇಖನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಹ್ಯೂಸ್ಟನ್ ರಾಕೆಟ್ಸ್ ತಂಡದಲ್ಲಿದ್ದ ಬ್ಯಾಟಿಯೆ ಅವರ ಅಂಕಪಟ್ಟಿ ನೋಡಿದರೆ ಸಾಧಾರಣ ಆಟಗಾರ. ಆದರೆ ಅವರು ಅಂಕಣದಲ್ಲಿದ್ದಷ್ಟು ಹೊತ್ತು ಅವರ ತಂಡ ಚೆನ್ನಾಗಿ ಆಡುತ್ತಿತ್ತು, ಎದುರಾಳಿಗಳು ಕೆಟ್ಟದಾಗಿ ಆಡುತ್ತಿದ್ದರು. ಕೋಬಿ ಬ್ರಯಂಟ್‌ರಂಥ ದೊಡ್ಡ ಆಟಗಾರರು ಎಲ್ಲಿಂದ ಎಸೆದರೆ ಹೆಚ್ಚು ತಪ್ಪುತ್ತಾರೆ ಎಂಬ ಅಂಕಿಅಂಶಗಳನ್ನು ಓದಿಕೊಂಡು, ಅವರನ್ನು ಮೆಲ್ಲಗೆ ಅದೇ ಜಾಗಕ್ಕೆ ತಳ್ಳುವುದು ಬ್ಯಾಟಿಯೆ ಅವರ ಕೆಲಸವಾಗಿತ್ತು. ಹೀಗೆ ತಪ್ಪಿಸಿದ ಎಸೆತಕ್ಕೆ ಹಳೆಯ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಅವರು ಆಟಕ್ಕಿದ್ದರು, ಲೆಕ್ಕಕ್ಕಿರಲಿಲ್ಲ. ಆಟಗಾರ ಅಂಕಣದಲ್ಲಿದ್ದಾಗ ಎರಡೂ ತಂಡಗಳ ಅಂಕದ ವ್ಯತ್ಯಾಸ ಎಷ್ಟು, ಇಲ್ಲದಾಗ ಎಷ್ಟು ಎಂದು ತಾಳೆ ನೋಡುವ ಕ್ರಮವನ್ನು ಆ ತಂಡದ ವ್ಯವಸ್ಥಾಪಕ ಡೆರಿಲ್ ಮೋರಿ ಗಂಭೀರವಾಗಿ ತೆಗೆದುಕೊಂಡರು. ಅಂಕಪಟ್ಟಿ ಮರೆಮಾಡಿದ್ದ ಮನುಷ್ಯ ಆಗ ಕಾಣಿಸಿಕೊಂಡ.

ಅಲ್ಲಿಂದಾಚೆಗೆ ಬಂದದ್ದು ಕ್ಯಾಮೆರಾಗಳ ಕಾಲ. ಸ್ಪೋರ್ಟ್‌ವಿಯು ಎಂಬ ತಂತ್ರಜ್ಞಾನ ಹುಟ್ಟಿದ್ದು ಇಸ್ರೇಲಿನಲ್ಲಿ. ಕ್ಷಿಪಣಿಗಳ ಜಾಡು ಹಿಡಿಯುವ ವಿದ್ಯೆಯನ್ನು ಬಲ್ಲವರು ಅದನ್ನು ಮೊದಲು ಫುಟ್‌ಬಾಲಿಗೆ ಹೊಂದಿಸಿದರು. ಯುದ್ಧದ ವಿದ್ಯೆ ಮೈದಾನಕ್ಕೆ ಇಳಿದು ಬಂದ ಸಂಗತಿ ನಮ್ಮ ಮನಸ್ಸಿಗೆ ಸ್ವಲ್ಪ ಚುಚ್ಚಿತು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇವೆ. 2013-14ರ ಋತುವಿನಿಂದ ಎನ್‌ಬಿಎಯ ಎಲ್ಲ ಕ್ರೀಡಾಂಗಣಗಳ ಚಾವಣಿಯಲ್ಲಿ ತಲಾ ಆರು ಕ್ಯಾಮೆರಾಗಳು ಬಂದವು. ಅವು ಸೆಕೆಂಡಿಗೆ 25 ಸಲ ಹತ್ತೂ ಆಟಗಾರರು ಮತ್ತು ಚೆಂಡು ಎಲ್ಲಿವೆ ಎಂದು ಬರೆದುಕೊಳ್ಳುತ್ತಿದ್ದವು. ಪಂದ್ಯದ ಅವಧಿ 48 ನಿಮಿಷ. ನಾವೇ ಕಾಗದದ ಮೇಲೆ ಗುಣಿಸಿ ನೋಡಿದೆವು: ಒಂದು ಪಂದ್ಯಕ್ಕೆ 72,000 ಚಿತ್ರಗಳು, ಆಟಗಾರರ ಸ್ಥಾನಗಳೇ 7,20,000. 2017-18ರಲ್ಲಿ ಈ ಕೆಲಸ ಸೆಕೆಂಡ್ ಸ್ಪೆಕ್ಟ್ರಮ್ ಎಂಬ ಕಂಪನಿಗೆ ಹೋಯಿತು. 2023-24ರಿಂದ ಹಾಕ್-ಐ ಬಂತು. ಕ್ರಿಕೆಟ್ ನೋಡುವವರಿಗೆಲ್ಲ ಎಲ್‌ಬಿಡಬ್ಲ್ಯು ತೀರ್ಪಿನಿಂದ ಪರಿಚಿತವಾದ ಹೆಸರು ಅದು. ಈಗ ಆಟಗಾರನೆಂದರೆ ಚಲಿಸುವ ಒಂದು ಚುಕ್ಕೆಯಲ್ಲ. ಅವನ ಮೈಯ 29 ಬಿಂದುಗಳನ್ನು, ಅಂದರೆ ಮೊಣಕೈ, ಮಂಡಿ, ಭುಜಗಳನ್ನು ಬೇರೆಬೇರೆಯಾಗಿ ಹಿಂಬಾಲಿಸುತ್ತಾರೆ.

ಇದರಿಂದ ಆಟಗಾರನಿಗೆ ಆಗುವ ಲಾಭ ಸುಳ್ಳಲ್ಲ. ಒಂದು ಸರಳ ಉದಾಹರಣೆ ಕೊಡುತ್ತೇವೆ. ಬುಟ್ಟಿಯ ಬಳೆಯ ಅಗಲ 18 ಇಂಚು, ಚೆಂಡಿನ ಅಗಲ ಸುಮಾರು ಒಂಬತ್ತೂವರೆ ಇಂಚು. ನೇರ ಮೇಲಿನಿಂದ ಬೀಳುವ ಚೆಂಡಿಗೆ ಬಳೆ ಪೂರ್ತಿ 18 ಇಂಚು ತೆರೆದಿರುತ್ತದೆ. ಆದರೆ ಚೆಂಡು 30 ಡಿಗ್ರಿಯಷ್ಟು ಮಲಗಿಕೊಂಡು ಬಂದರೆ ಅದಕ್ಕೆ ಕಾಣುವ ಬಾಯಿ ಬರೀ 9 ಇಂಚಿನದು. ಅಂದರೆ ಚೆಂಡಿಗಿಂತಲೂ ಚಿಕ್ಕದು. 45 ಡಿಗ್ರಿಯಲ್ಲಿ ಬಂದರೆ ಬಾಯಿ 12.7 ಇಂಚಾಗುತ್ತದೆ. ಹಾಗಾದರೆ ಆಕಾಶಕ್ಕೇ ಎಸೆದುಬಿಡಬಾರದೇ ಎಂದರೆ, ಎತ್ತರ ಹೆಚ್ಚಿದಂತೆ ಬಲವೂ ಹೆಚ್ಚು ಬೇಕು, ಬಲ ಹೆಚ್ಚಿದಂತೆ ಕೈ ತಪ್ಪುವುದೂ ಹೆಚ್ಚು. ಆದ್ದರಿಂದ 45ರ ಆಸುಪಾಸೇ ಒಳ್ಳೆಯದು ಎನ್ನುತ್ತಾರೆ. ನೋವಾ ಎಂಬ ಸಾಧನ ಬುಟ್ಟಿಯ ಮೇಲುಗಡೆ ಕೂತು ಪ್ರತಿ ಎಸೆತದ ಕೋನ, ಆಳ, ಎಡಬಲದ ವಾಲುವಿಕೆ ಮೂರನ್ನೂ ಅಳೆದು ಆ ಕ್ಷಣವೇ ಸಂಖ್ಯೆಯನ್ನು ಕೂಗಿ ಹೇಳುತ್ತದೆ. ಗುರುಗಳು ‘ಇನ್ನೂ ಸ್ವಲ್ಪ ಮೇಲೆ’ ಎನ್ನುತ್ತಿದ್ದರಲ್ಲ, ಆ ‘ಸ್ವಲ್ಪ’ ಎಂದರೆ ಎಷ್ಟು ಎಂಬುದು ಹುಡುಗನಿಗೆ ಈಗ ಗೊತ್ತಾಗುತ್ತದೆ. ಇದು ನಮಗೆ ತುಂಬ ಹಿಡಿಸಿತು. ಏಟಿನಿಂದ, ಬೈಗುಳದಿಂದ ಕಲಿಸುವ ಮೇಷ್ಟ್ರುಗಳನ್ನು ಕಂಡ ತಲೆಮಾರು ನಮ್ಮದು. ಯಂತ್ರ ಬೈಯುವುದಿಲ್ಲ, 41 ಎಂದಷ್ಟೇ ಹೇಳುತ್ತದೆ.

ನಿದ್ದೆಯ ವಿಷಯವನ್ನೂ ನೋಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೆರಿ ಮಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ವಿಶ್ವವಿದ್ಯಾಲಯದ 11 ಆಟಗಾರರು ಐದರಿಂದ ಏಳು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಲು ಪ್ರಯತ್ನಿಸಿದರು. ಅವರ ಓಟದ ಸಮಯ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು. ಫ್ರೀ ಥ್ರೋ ಮತ್ತು ಮೂರು ಅಂಕದ ಎಸೆತಗಳ ನಿಖರತೆ ನೂರಕ್ಕೆ ಒಂಬತ್ತರಷ್ಟು ಹೆಚ್ಚಿತು. ಹನ್ನೊಂದು ಜನರ ಮೇಲಿನ ಅಧ್ಯಯನ ಸಣ್ಣದೇ, ಒಪ್ಪೋಣ. ಆದರೂ ‘ಮಲಗೋ ಬೇಟಾ, ಬೆಳಿಗ್ಗೆ ಓದಿದರಾಯಿತು’ ಎನ್ನುತ್ತಿದ್ದ ನಾನಿಯರ ಮಾತಿಗೆ ಪ್ರಯೋಗಶಾಲೆಯ ಮೊಹರು ಬಿದ್ದಂತಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಲೆಕ್ಕದ ಇನ್ನೊಂದು ಮುಖವನ್ನೂ ಹೇಳಬೇಕು. ದೂರದ ಗೆರೆಯ ಆಚೆಯಿಂದ ಎಸೆದರೆ ಮೂರು ಅಂಕ ಕೊಡುವ ನಿಯಮ ಎನ್‌ಬಿಎಗೆ ಬಂದದ್ದು 1979-80ರಲ್ಲಿ. ಆ ವರ್ಷ ಒಂದು ತಂಡ ಒಂದು ಪಂದ್ಯದಲ್ಲಿ ಅಂಥ ಎಸೆತವನ್ನು ಸರಾಸರಿ 2.8 ಸಲ ಮಾತ್ರ ಪ್ರಯತ್ನಿಸಿತು. 2023-24ರ ಹೊತ್ತಿಗೆ ಅದು 35ರಷ್ಟಾಯಿತು. ಕಾರಣ ಬರೀ ಮಗ್ಗಿಯ ಲೆಕ್ಕ. ಎರಡು ಅಂಕದ ದೂರದ ಎಸೆತ ನೂರಕ್ಕೆ ನಲವತ್ತು ಸಲ ಬಿದ್ದರೆ 80 ಅಂಕ, ಮೂರು ಅಂಕದ್ದು ಮೂವತ್ತೈದು ಸಲ ಬಿದ್ದರೂ 105 ಅಂಕ. ಮಧ್ಯದ ದೂರದಿಂದ ನೆಗೆದು ಎಸೆಯುವ ಚೆಂದದ ಆಟ ಹೀಗೆ ಕಡಿಮೆಯಾಗುತ್ತ ಬಂತು. ಲೆಕ್ಕವನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಮೋರಿಯವರ ಅದೇ ಹ್ಯೂಸ್ಟನ್ ತಂಡದವರು. 2018ರ ಮೇ 28ರಂದು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರಿನ ನಿರ್ಣಾಯಕ ಏಳನೆಯ ಪಂದ್ಯದಲ್ಲಿ ಅವರು ಸತತ 27 ಸಲ ಮೂರು ಅಂಕದ ಎಸೆತ ತಪ್ಪಿಸಿಕೊಂಡು ಸೋತರು. ಲೆಕ್ಕ ತಪ್ಪಾಗಿರಲಿಲ್ಲ. ಸಾವಿರ ಎಸೆತಗಳಿಗೆ ಅದು ಸರಿಯೇ. ಆದರೆ ಆ ಸಂಜೆ ಇದ್ದದ್ದು ಸಾವಿರ ಎಸೆತಗಳಲ್ಲ, ಒಂದೇ ಸಂಜೆ. ಸರಾಸರಿಯಲ್ಲಿ ಯಾರೂ ಬದುಕುವುದಿಲ್ಲ.

ಗಾಯದ ವಿಷಯದಲ್ಲೂ ಹೀಗೆಯೇ. ಕ್ಯಾಟಪಲ್ಟ್‌ನಂಥ ಕಂಪನಿಗಳ ಪುಟ್ಟ ಸಾಧನವನ್ನು ಬನಿಯನ್ನಿನಂಥ ಅಂಗಿಯ ಬೆನ್ನಲ್ಲಿ ಇಟ್ಟುಕೊಂಡು ಆಟಗಾರರು ಅಭ್ಯಾಸ ಮಾಡುತ್ತಾರೆ. ಎಷ್ಟು ಸಲ ನೆಗೆದ, ಎಷ್ಟು ರಭಸದಿಂದ ನಿಂತ, ಮೈಮೇಲೆ ಎಷ್ಟು ಭಾರ ಬಿತ್ತು ಎಂದು ಅದು ಅಳೆಯುತ್ತದೆ. ದಣಿದವನಿಗೆ ವಿಶ್ರಾಂತಿ ಕೊಡುವ ಕ್ರಮ ಇದರೊಂದಿಗೆ ಬೆಳೆಯಿತು. 2018-19ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ತಂಡ ಕವೈ ಲೆನರ್ಡ್ ಅವರನ್ನು 82 ಪಂದ್ಯಗಳ ಪೈಕಿ 60ರಲ್ಲಿ ಮಾತ್ರ ಆಡಿಸಿತು, ಆ ವರ್ಷ ಪ್ರಶಸ್ತಿಯನ್ನೂ ಗೆದ್ದಿತು. ಆದರೆ ವಿಶ್ರಾಂತಿಯಿಂದ ಗಾಯಗಳು ಕಡಿಮೆಯಾಗುತ್ತವೆ ಎನ್ನಲು ತನ್ನ ಅಂಕಿಅಂಶಗಳಲ್ಲಿ ಆಧಾರ ಸಿಗಲಿಲ್ಲ ಎಂಬ ವರದಿಯನ್ನು 2024ರ ಜನವರಿಯಲ್ಲಿ ಎನ್‌ಬಿಎಯೇ ತಂಡಗಳಿಗೆ ಕಳಿಸಿತು. ಅಳೆಯುವುದು ಬೇರೆ, ಅರ್ಥ ಮಾಡಿಕೊಳ್ಳುವುದು ಬೇರೆ.

ಇಲ್ಲಿ ಹಕೀಮ್ ಒಲಾಜುವಾನ್ ನೆನಪಾಗುತ್ತಾರೆ. ನೈಜೀರಿಯಾದ ಲಾಗೋಸ್‌ನಲ್ಲಿ ಹುಟ್ಟಿ, ಹ್ಯೂಸ್ಟನ್ ತಂಡಕ್ಕೆ 1994, 1995ರಲ್ಲಿ ಪ್ರಶಸ್ತಿ ಗೆದ್ದುಕೊಟ್ಟವರು. ರಮ್‌ಜಾನಿನಲ್ಲಿ ಉಪವಾಸವಿದ್ದೇ ಆಡುತ್ತಿದ್ದರು. 1995ರಲ್ಲಿ ರಮ್‌ಜಾನ್ ಶುರುವಾದದ್ದು ಫೆಬ್ರವರಿ ಮೊದಲಲ್ಲಿ, ಆ ಫೆಬ್ರವರಿಯ ಶ್ರೇಷ್ಠ ಆಟಗಾರ ಎಂಬ ಮನ್ನಣೆ ಅವರಿಗೇ ಸಿಕ್ಕಿತು. ಇದನ್ನು ಪವಾಡವೆಂದು ಹೇಳಲು ನಾವು ಹೊರಟಿಲ್ಲ. ಒಬ್ಬರ ಉದಾಹರಣೆಯಿಂದ ಎಲ್ಲರಿಗೂ ನಿಯಮ ಮಾಡಲು ಬರುವುದಿಲ್ಲ. ಆದರೆ ಅಂದು ಅವರ ಮೈಗೆ ಒಂದು ಸಾಧನ ಕಟ್ಟಿದ್ದರೆ ಅದು ‘ನೀರು ಕಡಿಮೆಯಾಗಿದೆ, ಇವರನ್ನು ಕೂರಿಸಿ’ ಎನ್ನುತ್ತಿತ್ತೇನೋ. ನೀರಿನ ಲೆಕ್ಕ ಅದಕ್ಕೆ ಸಿಗುತ್ತಿತ್ತು, ನಿಯ್ಯತ್ತಿನ ಲೆಕ್ಕ ಸಿಗುತ್ತಿರಲಿಲ್ಲ.

ನಾವು ಮೊದಲು ಕಲಿತದ್ದು ಉರ್ದು ಶಾಲೆಯಲ್ಲಿ. ಅಲ್ಲಿ ಗಣಿತಕ್ಕೆ ‘ಹಿಸಾಬ್’ ಎನ್ನುತ್ತಿದ್ದರು. ಅದೇ ಪದವನ್ನು ಮನೆಯಲ್ಲಿ ಹಿರಿಯರು ಖಯಾಮತ್ತಿನ ದಿನಕ್ಕೂ ಬಳಸುತ್ತಿದ್ದರು. ಹಾಗಾಗಿ ಕೂಡುವ ಕಳೆಯುವ ಲೆಕ್ಕಕ್ಕೂ ಅಂತಿಮ ದಿನದ ಲೆಕ್ಕಕ್ಕೂ ಎಲ್ಲೋ ನಂಟಿದೆ ಎಂದು ಆ ವಯಸ್ಸಿನಲ್ಲೇ ನಮಗೆ ಅನ್ನಿಸುತ್ತಿತ್ತು. ಹೆಗಲ ಮೇಲೆ ಕೂತು ನಮ್ಮ ಒಳಿತು ಕೆಡುಕು ಬರೆದುಕೊಳ್ಳುವ ಕಿರಾಮನ್ ಕಾತಿಬೀನ್ ಬಗ್ಗೆ ಕೇಳದ ಮುಸ್ಲಿಂ ಮಗು ಯಾವುದಿದೆ? ‘ಕಾತಿಬ್’ ಎಂದರೆ ಬರೆಯುವವನು, ‘ಕಿರಾಮ್’ ಎಂದರೆ ಗೌರವಾನ್ವಿತರು. ಬರೆಯುವವರು ಇದ್ದಾರೆ ಎಂಬುದಷ್ಟೇ ಮುಖ್ಯವಲ್ಲ, ಅವರು ಗೌರವಕ್ಕೆ ಅರ್ಹರು ಎಂಬುದೂ ಆ ಹೆಸರಿನಲ್ಲೇ ಇದೆ. ಅವರು ಸುಳ್ಳು ಬರೆಯುವುದಿಲ್ಲ, ಬರೆದದ್ದನ್ನು ಮಾರುವುದಿಲ್ಲ. ಕೊನೆಗೆ ಆ ಪುಸ್ತಕವನ್ನು ಕೊಡುವುದು ಯಾರ ಬದುಕನ್ನು ಬರೆದಿದ್ದರೋ ಅವರ ಕೈಗೇ. ಚಾವಣಿಯ ಕ್ಯಾಮೆರಾಗಳ ಬಗ್ಗೆ ಓದುವಾಗ ನಮಗೆ ಹುಟ್ಟಿದ ಪ್ರಶ್ನೆ ಇದೇ: ಇಲ್ಲಿ ಕಾತಿಬ್ ಯಾರು? ಪುಸ್ತಕ ಯಾರ ಕೈಗೆ ಹೋಗುತ್ತದೆ?

ಈ ಪ್ರಶ್ನೆ ನಮಗೆ ಹೊಸದಲ್ಲ. ನಮ್ಮ ಅಮ್ಮಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಮೊರ ಇಟ್ಟುಕೊಂಡು ಇಪ್ಪತ್ತೈದರ ನಲವತ್ತು ಕಟ್ಟು ಮಾಡಿದರೆ ಒಂದು ಸಾವಿರ. ಬೆರಳುಗಳಿಗೆ ಅದರ ಲೆಕ್ಕ ಎಷ್ಟು ರೂಢಿಯಾಗಿತ್ತೆಂದರೆ ಮಾತಾಡುತ್ತಲೇ ಎಣಿಸಿಬಿಡುತ್ತಿದ್ದರು. ಆದರೆ ಕಂಟ್ರಾಕ್ಟರನ ಮುಂದೆ ಆ ಲೆಕ್ಕ ನಡೆಯುತ್ತಿರಲಿಲ್ಲ. ಅವನು ಕೆಲವು ಕಟ್ಟುಗಳನ್ನು ಬಿಚ್ಚಿ, ಇದು ಸಡಿಲ, ಇದು ಗಿಡ್ಡ ಎಂದು ಪಕ್ಕಕ್ಕೆ ಎಸೆದು, ಉಳಿದದ್ದನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಪಕ್ಕಕ್ಕೆ ಎಸೆದ ಬೀಡಿಯನ್ನು ಅಮ್ಮಿಗೆ ವಾಪಸು ಕೊಡುತ್ತಿರಲಿಲ್ಲ. ಅಮ್ಮಿಗೆ ಉರ್ದು ಓದಲು ಬರುತ್ತಿತ್ತು, ಪುಸ್ತಕ ಕನ್ನಡದಲ್ಲಿತ್ತು. ಕನ್ನಡ ಶಾಲೆಗೆ ಸೇರಿದ ಮೇಲೆ ನಾವೇ ಜೊತೆಗೆ ಹೋಗಿ ಓದಲು ಶುರುಮಾಡಿದೆವು. ಅಂದಿನಿಂದ ಪಕ್ಕಕ್ಕೆ ಬೀಳುವ ಕಟ್ಟುಗಳು ಕಡಿಮೆಯಾದವು. ಓದಲು ಬರುವ ಒಬ್ಬ ಹುಡುಗ ಎದುರಿಗಿದ್ದರೆ ಲೆಕ್ಕದ ನಡತೆ ಬದಲಾಗುತ್ತದೆ.

ಎನ್‌ಬಿಎ ಆಟಗಾರರು ಕೋಟ್ಯಧೀಶರು, ಬೀಡಿ ಕಟ್ಟುವವರ ಜೊತೆ ಅವರನ್ನು ಹೋಲಿಸುವುದು ಅತಿಯಾಯಿತು ಎನ್ನಬಹುದು. ಆದರೆ ಅವರಿಗೊಂದು ಗಟ್ಟಿ ಸಂಘವಿದೆ, ಅದಕ್ಕೇ ಈ ಹೋಲಿಕೆ. 2017ರ ಒಪ್ಪಂದದಲ್ಲಿ ಆಟಗಾರರ ಸಂಘ ಮೈಗೆ ಕಟ್ಟುವ ಸಾಧನಗಳ ಬಗ್ಗೆ ಸ್ಪಷ್ಟವಾಗಿ ಬರೆಸಿಕೊಂಡಿತು. ಅಭ್ಯಾಸದಲ್ಲಿ ಧರಿಸುವಂತೆ ತಂಡ ಕೇಳಿಕೊಳ್ಳಬಹುದು, ಬಲವಂತ ಮಾಡುವಂತಿಲ್ಲ. ಆಟಗಾರ ಬೇಡವೆನ್ನಬಹುದು, ಧರಿಸಿದ್ದನ್ನು ಯಾವಾಗ ಬೇಕಾದರೂ ಬಿಚ್ಚಿಡಬಹುದು. ಆ ಅಂಕಿಅಂಶಗಳನ್ನು ಮುಂದಿನ ಸಂಬಳದ ಚೌಕಾಸಿಯಲ್ಲಿ ಬಳಸುವಂತಿಲ್ಲ, ಬಳಸಿದರೆ ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ನಿನ್ನ ಮಂಡಿ ಸವೆದಿದೆ, ಅಂಕಿಯೇ ಹೇಳುತ್ತಿದೆ, ಸಂಬಳ ಕಡಿಮೆ ತಗೋ ಎನ್ನುವ ದಿನ ಬರಬಾರದು ಎಂದು ಅವರು ಮೊದಲೇ ಬಾಗಿಲು ಹಾಕಿದರು. ನಮ್ಮ ಊರುಗಳಲ್ಲಿ ಬೈಕಿನ ಮೇಲೆ ಊಟ ಹೊತ್ತು ಓಡುವ ಹುಡುಗರ ಪ್ರತಿ ತಿರುವನ್ನೂ ಅವರ ಜೇಬಿನ ಫೋನು ಬರೆದುಕೊಳ್ಳುತ್ತದೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಪ್ರತಿ ಗಂಟೆಯ ಹೊಲಿಗೆಯನ್ನು ಎಣಿಸುತ್ತಾರೆ. ಬಿಚ್ಚಿಡುವ ಹಕ್ಕು ಅವರಲ್ಲಿ ಯಾರಿಗಿದೆ?

ಇನ್ನು ಲೆಕ್ಕ ನೂರಕ್ಕೆ ನೂರು ಸರಿಯಿದ್ದು, ಪುಸ್ತಕ ಎಲ್ಲರ ಎದುರೇ ತೆರೆದಿದ್ದು, ಆದರೂ ಆಟದಿಂದ ಹೊರಗುಳಿದವರ ಮಾತು. ಮಹಮೂದ್ ಅಬ್ದುಲ್ ರವೂಫ್ ಮಿಸಿಸಿಪ್ಪಿಯ ಬಡತನದಲ್ಲಿ ಕ್ರಿಸ್ ಜಾಕ್ಸನ್ ಆಗಿ ಹುಟ್ಟಿದವರು, 1991ರಲ್ಲಿ ಇಸ್ಲಾಂ ಸ್ವೀಕರಿಸಿದರು. ಟೂರೆಟ್ ಎಂಬ ನರಸಂಬಂಧಿ ತೊಂದರೆ ಅವರಿಗಿತ್ತು. ಒಂದು ಕೆಲಸ ಮನಸ್ಸಿಗೆ ಸರಿ ಅನ್ನಿಸುವವರೆಗೆ ಮಾಡುತ್ತಲೇ ಇರಬೇಕು. ಚೆಂಡು ಬಳೆಗೆ ತಾಗದೆ ಬಲೆಯಲ್ಲಿ ಇಳಿಯುವ ಸದ್ದು ಮತ್ತೆ ಮತ್ತೆ ಕೇಳುವವರೆಗೆ ಅವರು ಅಂಕಣ ಬಿಡುತ್ತಿರಲಿಲ್ಲ. ನೋವಾದಂಥ ಯಂತ್ರ ಬರುವ ಮೊದಲೇ ಅವರ ಮೈಯೇ ಒಂದು ಮಾಪಕವಾಗಿತ್ತು. 1993-94ರಲ್ಲಿ 229 ಫ್ರೀ ಥ್ರೋಗಳಲ್ಲಿ 219 ಬುಟ್ಟಿಗೆ ಬಿದ್ದವು. ಆ ವರ್ಷ ಇಡೀ ಎನ್‌ಬಿಎಗೆ ಮೊದಲಿಗರು. 1995-96ರಲ್ಲಿ ಮತ್ತೆ ಮೊದಲಿಗರು. ಅದೇ ಋತುವಿನಲ್ಲಿ, 1996ರ ಮಾರ್ಚ್‌ನಲ್ಲಿ, ರಾಷ್ಟ್ರಗೀತೆಗೆ ಎದ್ದು ನಿಲ್ಲಲು ತಮ್ಮ ಆತ್ಮಸಾಕ್ಷಿ ಒಪ್ಪುವುದಿಲ್ಲ ಎಂದದ್ದಕ್ಕೆ ಅವರನ್ನು ಅಮಾನತಿನಲ್ಲಿಟ್ಟರು. ಎದ್ದು ನಿಂತು ತಲೆತಗ್ಗಿಸಿ ದುವಾ ಮಾಡುತ್ತೇನೆ ಎಂಬ ಒಪ್ಪಂದದ ಮೇಲೆ ಮರಳಿದರು. ಋತು ಮುಗಿದ ಕೂಡಲೇ ಡೆನ್ವರ್ ತಂಡ ಅವರನ್ನು ಬೇರೆ ತಂಡಕ್ಕೆ ಕೊಟ್ಟಿತು. ಎರಡು ವರ್ಷಗಳಲ್ಲಿ ಅವರು ಎನ್‌ಬಿಎಯಿಂದಲೇ ಹೊರಗಿದ್ದರು, 2000-01ರಲ್ಲಿ ಒಮ್ಮೆ ಬಂದು ಹೋದದ್ದಷ್ಟೇ. ಅವರ ನಿಲುವನ್ನು ನಮ್ಮ ಓದುಗರಲ್ಲಿ ಎಲ್ಲರೂ ಒಪ್ಪಬೇಕೆಂದಿಲ್ಲ. ಆಗ ಅವರಿಗೆ ಇಪ್ಪತ್ತೇಳು ವಯಸ್ಸು. ಅಂಕಿಗಳೆಲ್ಲ ಅವರ ಪರವಾಗಿ ಸಾಕ್ಷಿ ಹೇಳುತ್ತಿದ್ದವು. ಸಾಕ್ಷಿ ಕೇಳುವವರು ಇರಲಿಲ್ಲ.

ಬಿಲ್ಕೀಸ್ ಅಬ್ದುಲ್ ಖಾದಿರ್ ಅವರದೂ ಇದೇ ಬಗೆಯ ಕತೆ. ಮ್ಯಾಸಚೂಸೆಟ್ಸ್ ರಾಜ್ಯದ ಹೈಸ್ಕೂಲು ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವರು ಗಳಿಸಿದ್ದು 3,070 ಅಂಕ. ಆ ರಾಜ್ಯದಲ್ಲಿ ಗಂಡು ಹೆಣ್ಣು ಯಾರೂ ಅಷ್ಟು ಗಳಿಸಿರಲಿಲ್ಲ. ಕಾಲೇಜಿನ ಉನ್ನತ ಹಂತದಲ್ಲೂ ಹಿಜಾಬ್ ಧರಿಸಿಯೇ ಆಡಿದರು. ಓದು ಮುಗಿಸಿ ವೃತ್ತಿ ಆಟಗಾರ್ತಿಯಾಗಬೇಕು ಎನ್ನುವಾಗ, ತಲೆಗೆ ಬಟ್ಟೆ ಧರಿಸುವಂತಿಲ್ಲ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮ ಅಡ್ಡ ಬಂತು. ಹಲವರ ಹೋರಾಟದ ನಂತರ 2017ರಲ್ಲಿ ಆ ನಿಯಮ ಹೋಯಿತು, ಅಷ್ಟರಲ್ಲಿ ಅವರ ಆಟದ ಒಳ್ಳೆಯ ವರ್ಷಗಳೂ ಹೋಗಿದ್ದವು. ಶಾಲೆಯ ಬಾಗಿಲಲ್ಲಿ ನಿಂತ ಹೆಣ್ಣುಮಕ್ಕಳನ್ನು 2022ರಲ್ಲಿ ಕಂಡ ಕರ್ನಾಟಕದ ನಮಗೆ ಇದರ ಮೇಲೆ ವ್ಯಾಖ್ಯಾನ ಬೇಕಿಲ್ಲ. ಅಂಕ ಎಷ್ಟೇ ಇರಲಿ, ಬಾಗಿಲಲ್ಲಿ ನಿಂತವನು ನೋಡುವುದು ತಲೆಯ ಮೇಲಿನ ಬಟ್ಟೆಯನ್ನು. ಇವರಿಬ್ಬರಿಗೂ ಹೊಂದುವಂತೆ ನಮ್ಮ ಗಾದೆಯನ್ನು ತಿರುಗಿಸಿ ಹೇಳಬೇಕಾಗುತ್ತದೆ: ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಹಾಗೆಂದು ಅಳತೆಯೇ ಬೇಡ ಎನ್ನುವವರ ಸಾಲಿಗೆ ನಾವು ಸೇರುವುದಿಲ್ಲ. ಬ್ಯಾಟಿಯೆಯಂಥವರಿಗೆ ನ್ಯಾಯ ಸಿಕ್ಕಿದ್ದು ಹೆಚ್ಚು ಚೆನ್ನಾಗಿ ಅಳೆದದ್ದರಿಂದಲೇ. ಕಣ್ಣಳತೆಯಲ್ಲಿ ಆಯ್ಕೆ ನಡೆಯುವಲ್ಲಿ ಹೆಸರು, ಮೈಬಣ್ಣ, ಮೊಹಲ್ಲಾ ಎಲ್ಲವೂ ನುಸುಳುತ್ತವೆ. ಅಂಕಿಗೆ ಹೆಸರಿಲ್ಲ, ಆದ್ದರಿಂದ ಅದು ಬಡವನ ಮಗನಿಗೆ ಒಂದು ಆಸರೆಯೂ ಹೌದು. ಮೊಬೈಲ್ ಕ್ಯಾಮೆರಾದಿಂದಲೇ ಎಸೆತಗಳನ್ನು ಎಣಿಸುವ ಆ್ಯಪ್‌ಗಳು ಬಂದಿವೆ, ಕೋಟಿಗಟ್ಟಲೆ ಖರ್ಚಿನ ಕ್ರೀಡಾಂಗಣ ಬೇಕಾಗಿಲ್ಲ. ನಮ್ಮ ತಾಲ್ಲೂಕು ಮೈದಾನಗಳ ಹುಡುಗ ಹುಡುಗಿಯರೂ ತಮ್ಮ ಕೋನ ಎಷ್ಟು ಎಂದು ತಿಳಿದುಕೊಳ್ಳಲಿ.

ಆದರೆ ಮಗುವಿನ ಮೈಯ ಲೆಕ್ಕ ಒಂದು ಅಮಾನತು. ನೆರೆಯವರು ನಂಬಿ ಇಡಲು ಕೊಟ್ಟ ಒಡವೆಯ ಹಾಗೆ ಅದನ್ನು ಕಾಯಬೇಕು. ಹದಿನೆಂಟು ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎಂದು ನಮ್ಮ ದೇಶದ 2023ರ ಕಾಯಿದೆ ಹೇಳುತ್ತದೆ. ಆ ಒಪ್ಪಿಗೆಯ ಗುಂಡಿ ಒತ್ತುವ ಮುನ್ನ ತಂದೆತಾಯಿಗಳು ಮೂರು ಮಾತು ಕೇಳಲಿ. ಈ ಪುಸ್ತಕ ಯಾರ ಹತ್ತಿರ ಇರುತ್ತದೆ? ನಮ್ಮ ಮಗು ಅದನ್ನು ಓದಬಹುದೇ? ಬೇಡವೆನ್ನಿಸಿದ ದಿನ ಬಿಚ್ಚಿಟ್ಟು ಸುಮ್ಮನೆ ಆಡಬಹುದೇ? ಮೂರಕ್ಕೂ ಸರಿಯಾದ ಉತ್ತರ ಕೊಡುವ ತರಬೇತುದಾರ ಸಿಕ್ಕರೆ ಮಗುವನ್ನು ಧೈರ್ಯವಾಗಿ ಕಳಿಸಿ. ಸಿಗದಿದ್ದರೆ ಚೆಂಡು ಮಾತ್ರ ಕೊಟ್ಟು ಕಳಿಸಿ, ಆಟ ಆಗಲೂ ನಡೆಯುತ್ತದೆ.